ಹಿಂದಿನ ಸೀಟಿನಿಂದ ಕಟ್ಟಿದ ಕಾರು

ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಆದರೂ ಈ ಮೂರು ವರ್ಷಗಳಲ್ಲಿ ನಾಲ್ಕು ಕಾರು ಕಟ್ಟಿದ್ದೇನೆ. ಅದರಲ್ಲಿ ಒಂದನ್ನು ನನ್ನ ಕೈಯಾರೆ ಸುಟ್ಟಿದ್ದೇನೆ. ಇಷ್ಟನ್ನೇ ಬರೆದು ನಿಲ್ಲಿಸಿದರೆ ಓದಿದವರು ನನ್ನನ್ನು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನನ್ನ ಕಾರುಗಳು ಒಂದೊಂದೂ ಗೇಣುದ್ದಕ್ಕಿಂತ ಕಡಿಮೆ. ಪ್ಲಾಸ್ಟಿಕ್ಕಿನವು. ಹಳೆಯ ಕಾಲದ ಕಾರುಗಳನ್ನು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಕುಗ್ಗಿಸಿ, ಬಿಡಿಬಿಡಿ ಮಾಡಿ, ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ಅದನ್ನು ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿ ಮತ್ತೆ ಕಾರು ಮಾಡುವುದು ಕೊಂಡವರ ಕೆಲಸ. ಅವರೇ ಜೋಡಿಸಿ ಕೊಟ್ಟರೆ ಆಗದೇ ಎಂದು ನೀವು ಕೇಳಬಹುದು. ಹಾಗೆ ನೋಡಿದರೆ ಹಪ್ಪಳವೂ ಅಂಗಡಿಯಲ್ಲಿ ಸಿಗುತ್ತದೆ.

ಶಿವಮೊಗ್ಗದ ನನ್ನ ಮೊಮ್ಮಕ್ಕಳೇ, ಮೊನ್ನೆ ನೀವಿಬ್ಬರೂ ಫೋನು ಮಾಡಿ, ಅಜ್ಜಿ ಕಾರು ಕಟ್ಟುವುದು ನಿಜವೇ, ಯಾವಾಗ ಕಲಿತೆ, ಅಂಬಾಸಿಡರನ್ನೇ ಯಾಕೆ ಕಟ್ಟಿದೆ ಎಂದು ಒಂದೇ ಉಸಿರಿಗೆ ಕೇಳಿದಿರಿ. ನಾನು 'ಹೂಂ' ಎಂದಷ್ಟೇ ಹೇಳಿ ಫೋನನ್ನು ಸಹನಾಳ ಕೈಗೆ ಕೊಟ್ಟುಬಿಟ್ಟೆ. ಕೋಪ ಮಾಡಿಕೊಳ್ಳಬೇಡಿ. ಫೋನು ಕಿವಿಗೆ ತಾಗಿದ ಕೂಡಲೇ ನನ್ನ ಮಾತು ಗಂಟಲಿನಲ್ಲೇ ಮಂಡಿ ಹಾಕಿ ಕೂರುತ್ತದೆ. ಮುಖ ಕಾಣುವ ಫೋನಂತೂ ಇನ್ನೂ ಕಷ್ಟ. ಅದರಲ್ಲಿ ನನ್ನ ಹಣೆ ಮತ್ತು ಫ್ಯಾನು ಮಾತ್ರ ಕಾಣುತ್ತದೆ ಎಂದು ನಿಮ್ಮ ಅಮ್ಮ ಯಾವಾಗಲೂ ಬೈಯುತ್ತಾಳೆ. ಬರೆಯುವಾಗ ಹಾಗಲ್ಲ. ಎದುರಿಗೆ ಯಾರೂ ಇರುವುದಿಲ್ಲ. ಹಾರನಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಆದ್ದರಿಂದ ನಿಮ್ಮ ಮೂರು ಪ್ರಶ್ನೆಗೂ ಇಲ್ಲಿ ಉತ್ತರ ಬರೆಯುತ್ತೇನೆ, ನಿಧಾನವಾಗಿ ಓದಿ.

ಶುರುವಾದದ್ದು ನಿಮ್ಮ ಅಕ್ಕ ಸಹನಾಳಿಂದ. ಅವಳ ಹುಟ್ಟುಹಬ್ಬಕ್ಕೆ ಅವಳಪ್ಪ, ಅಂದರೆ ನನ್ನ ದೊಡ್ಡ ಅಳಿಯಂದಿರು, ಒಂದು ಪೆಟ್ಟಿಗೆ ತಂದುಕೊಟ್ಟರು. ಮೇಲೆ ಕೆಂಪು ಬಣ್ಣದ, ಇಬ್ಬರೇ ಕೂರುವ, ಚಾವಣಿಯಿಲ್ಲದ ಅಮೆರಿಕದ ಕಾರಿನ ಚಿತ್ರವಿತ್ತು. ಸಹನಾ ಎರಡು ದಿನ ಅದರ ಹಿಂದೆ ಬಿದ್ದಳು, ಮೂರನೆಯ ದಿನ ಪರೀಕ್ಷೆ ಬಂತು, ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಶ್ರಾವಣದಲ್ಲಿ ಮನೆ ಗುಡಿಸುವಾಗ ಅದು ನನ್ನ ಪೊರಕೆಗೆ ಸಿಕ್ಕಿತು. ಗಟ್ಟಿ ಪೆಟ್ಟಿಗೆ, ಹೂಬತ್ತಿ ಇಡಲು ಚೆನ್ನಾಗಿದೆ ಎಂದು ಬಿಚ್ಚಿದೆ. ಒಳಗೆ ನೋಡಿದರೆ ಗಿಡದ ತುಂಬ ಅವರೆಕಾಯಿ ಬಿಟ್ಟ ಹಾಗೆ, ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಸಣ್ಣ ಸಣ್ಣ ಭಾಗಗಳು ಕಚ್ಚಿಕೊಂಡು ನೇತಾಡುತ್ತಿದ್ದವು. ಅಯ್ಯೋ ಪಾಪ, ಮಗುವಿಗೆ ಬಿಡಿಸಲು ಪುರುಸೊತ್ತಿಲ್ಲ, ನಾನಾದರೂ ಬಿಡಿಸಿಡುತ್ತೇನೆ ಎಂದು ಕೂತು, ಮಧ್ಯಾಹ್ನ ಕಾಫಿಯ ಹೊತ್ತಿಗೆ ಅಷ್ಟನ್ನೂ ಮುರಿದು ಮೊರಕ್ಕೆ ಹಾಕಿ, ಕಡ್ಡಿಗಳನ್ನು ಕಸಕ್ಕೆ ಎಸೆದೆ. ಅವರೆಕಾಯಿ ಬಿಡಿಸಿದವರು ಸಿಪ್ಪೆಯನ್ನು ಇಟ್ಟುಕೊಳ್ಳುತ್ತಾರೆಯೇ?

ಯಾವ ಭಾಗ ಯಾವುದು ಎಂಬ ನಂಬರು ಇರುವುದು ಆ ಕಡ್ಡಿಗಳ ಮೇಲಂತೆ. ಭಾಗಗಳ ಮೇಲೆ ಏನೂ ಇರುವುದಿಲ್ಲವಂತೆ. ಶಾಲೆಯಿಂದ ಬಂದ ಸಹನಾ ಮೊರ ನೋಡಿ ತಲೆಯ ಮೇಲೆ ಕೈ ಹೊತ್ತು, "ಅಜ್ಜೀ, ಇದು ಸಾರಿಗೆ ಹಾಕೋದಲ್ಲ" ಎಂದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ನಕ್ಕಳು. ಆ ನಗುವಿನ ಸಾಲ ತೀರಿಸಲು ನಾನು ಆ ಇಡೀ ಶ್ರಾವಣ ಮೊರ ಹಿಡಿದು ಕೂತೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಚಿತ್ರದ ಹಾಳೆ ಪಕ್ಕಕ್ಕಿಟ್ಟುಕೊಂಡು ಇದು ಬಾಗಿಲ ಹಿಡಿ, ಇದು ದೀಪದ ಬಳೆ, ಇದು ಯಾವುದೋ ಕೊಳವೆ ಎಂದು ಒಂದೊಂದಕ್ಕೂ ಮನೆ ಹುಡುಕಿದೆ. ಕಡೆಗೆ ಎರಡು ಚೂರು ಉಳಿದವು. ಅವು ಯಾವುವೆಂದು ಇಂದಿಗೂ ಗೊತ್ತಿಲ್ಲ, ಕಾರಿಗೂ ಗೊತ್ತಾಗಲಿಲ್ಲ.

ನನ್ನ ಬುದ್ಧಿವಂತಿಕೆ ಅಲ್ಲಿಗೇ ನಿಲ್ಲಲಿಲ್ಲ. ಸ್ಟಿಯರಿಂಗನ್ನು ಎಡಗಡೆ ತೋರಿಸಿದ್ದಾರೆ, ಅಚ್ಚು ಹಾಕಿದವರು ತಪ್ಪು ಮಾಡಿದ್ದಾರೆ ಎಂದು, ಅದು ಕೂತ ಹಲಗೆಯನ್ನು ಕೊಯ್ದು ಬಲಗಡೆಗೆ ಅಂಟಿಸಿದೆ. ಅಮೆರಿಕದಲ್ಲಿ ಎಡಗಡೆಯೇ ಇರುವುದು ಎಂದಳು ಸಹನಾ. ಇರಬಹುದು, ಅರಸೀಕೆರೆಗೆ ಬಂದ ಮೇಲೆ ಇಲ್ಲಿಯ ಹಾಗೆ ಇರಬೇಕಲ್ಲ ಎಂದೆ. ಹೀಗೆ ಪೆಟ್ಟಿಗೆಯಲ್ಲಿ ಬಂದದ್ದನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುವುದು ಈ ಕೆಲಸದಲ್ಲಿ ಬಹಳ ದೊಡ್ಡ ವಿದ್ಯೆಯಂತೆ. ನಾನು ಅದನ್ನು ತಿಳಿಯದೆಯೇ ಮಾಡಿದ್ದೆ. ತಿಳಿಯದೆ ಮಾಡಿದ ಇನ್ನೊಂದು ಕೆಲಸವನ್ನೂ ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ಅಳಿಯಂದಿರ ಸ್ಕೂಟರು, ಸಹನಾಳ ಸೈಕಲ್ಲು, ಹೊಲಿಗೆಯ ಮೆಷಿನ್ನು, ಮಿಕ್ಸಿ ಎಲ್ಲವನ್ನೂ ಸಾಲಾಗಿ ಇಟ್ಟು, ತುದಿಯಲ್ಲಿ ನನ್ನ ಕೆಂಪು ಕಾರನ್ನೂ ಇಟ್ಟೆವು. ಗಾಲಿಯ ಕೆಳಗೆ ಇಡಲು ನಿಂಬೆಹಣ್ಣು ದೊಡ್ಡದಾಯಿತೆಂದು ಒಂದು ಸುಂಡೆಕಾಯಿ ಇಟ್ಟೆವು. ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಉರಿಯುವ ಕರ್ಪೂರದ ತಟ್ಟೆಯನ್ನು ನಾನು ಕಾರಿನ ಮೂತಿಯ ಮುಂದೆಯೇ ಇಟ್ಟು ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ಬಿಡುವಷ್ಟರಲ್ಲಿ ಕಾರೂ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತಿತ್ತು. ಬಾನೆಟ್ಟು ಹೋಳಿಗೆಯಂತೆ ಮಡಚಿಕೊಂಡು, ಎರಡೂ ದೀಪಗಳು ನೆಲ ನೋಡುತ್ತಿದ್ದವು. ಅಳಿಯಂದಿರು ಗಂಭೀರವಾಗಿ, "ಇಷ್ಟು ಭಕ್ತಿ ಇರೋ ಗಾಡಿ ನಾನು ನೋಡಿಲ್ಲ ಅತ್ತೆ" ಎಂದರು.

ಆ ಮೇಲೆ ಎರಡು ಕಾರು ಕಟ್ಟಿದೆ. ಅವುಗಳ ಕತೆಯಲ್ಲಿ ಅಂಥ ವಿಶೇಷವಿಲ್ಲ, ಚೆನ್ನಾಗಿ ಬಂದವು. ಸರಿಯಾಗಿ ಬಂದದ್ದಕ್ಕೆ ಕತೆ ಕಡಿಮೆ. ಆದರೆ ಕೈಗೆ ವಿದ್ಯೆ ಹತ್ತಿತು. ಹೂ ಕಟ್ಟುವ ಬೆರಳಿಗೆ ಕೂದಲಿನಂಥ ತಂತಿ ಸುತ್ತುವುದು ಕಷ್ಟವಲ್ಲ. ರಂಗೋಲಿಯ ಎಳೆ ಬಿಡುವ ಕೈಗೆ ಬಾಗಿಲ ಅಂಚಿನ ಬಿಳಿ ಗೆರೆ ಕಷ್ಟವಲ್ಲ. ಗಾಳಿ ನಿಂತ ಹೊತ್ತಿನಲ್ಲಿ ಬಣ್ಣ ಹಚ್ಚಬೇಕು, ಒಣಗುವವರೆಗೆ ಮುಟ್ಟಬಾರದು ಎಂಬುದು ಸಂಡಿಗೆ ಇಟ್ಟವರಿಗೆ ಹೇಳಿಕೊಡಬೇಕಾದ ಮಾತಲ್ಲ. ನನಗೆ ಏನೂ ಬರುವುದಿಲ್ಲ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಬರುತ್ತಿತ್ತು, ಅದನ್ನು ಕಾರಿಗೆ ಹಚ್ಚಬಹುದೆಂದು ಗೊತ್ತಿರಲಿಲ್ಲ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನಿಮ್ಮ ತಾತ ಟ್ಯಾಕ್ಸಿ ಓಡಿಸುತ್ತಿದ್ದರು ಎಂಬುದು ನಿಮಗೆ ಗೊತ್ತು. ಆ ಕಾರನ್ನು ನೀವು ಕಂಡಿಲ್ಲ. ಅದು ಅಂಬಾಸಿಡರು. ಮೈ ಕಪ್ಪು, ನೆತ್ತಿ ಹಳದಿ. ಅದು ನಿಮ್ಮ ತಾತನೊಬ್ಬರದೇ ಅಲ್ಲ. ಅವರದೂ ಅವರ ಸ್ನೇಹಿತ ಬುಡೇನ್ ಸಾಬರದೂ ಸೇರಿ ಒಂದು ಕಾರು. ಒಂದು ದಿನ ಇವರು ಓಡಿಸಿದರೆ ಮರುದಿನ ಅವರು. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಳಿದವರನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಿ, ತೋರಿಸಿ, ಸಂಜೆಯ ರೈಲಿಗೆ ತಂದು ಬಿಡುವುದು ಕೆಲಸ. ಇಬ್ಬರಿಗೂ ವಯಸ್ಸಾಯಿತು, ಕಾರಿಗೂ ಆಯಿತು, ಅದು ಗುಜರಿಗೆ ಹೋಯಿತು. ನಿಮ್ಮ ತಾತ ಹೋಗಿ ಒಂಬತ್ತು ವರ್ಷ.

ನಾಲ್ಕನೆಯ ಕಾರು ಅದೇ ಆಗಬೇಕೆಂದು ನನಗೆ ಆಸೆಯಾಯಿತು. ಅಂಬಾಸಿಡರಿನ ಪೆಟ್ಟಿಗೆ ಸಿಗಲಿಲ್ಲ. ಅದರ ದೊಡ್ಡಪ್ಪನ ಮಗನಂತಿರುವ ಇಂಗ್ಲೆಂಡಿನ ಒಂದು ಹಳೆಯ ಕಾರು ಸಿಕ್ಕಿತು. ಸಹನಾ ತರಿಸಿಕೊಟ್ಟಳು. ಅದರ ಮೂತಿಯನ್ನು ಕೊಯ್ದು, ಒಣಗಿದರೆ ಗಟ್ಟಿಯಾಗುವ ಪುಟ್ಟಿ ಮೆತ್ತಿ, ಉಜ್ಜಿ ಉಜ್ಜಿ ನಮ್ಮ ಕಡೆಯ ಮೂತಿ ಮಾಡಿದೆ. ಮೇಲಿನ ಲಗೇಜು ಕ್ಯಾರಿಯರನ್ನು ತೆಂಗಿನ ಪೊರಕೆಯ ಕಡ್ಡಿಯಲ್ಲಿ ಹೆಣೆದು ಕಪ್ಪು ಬಳಿದೆ. ಹಳದಿಯೇ ಬಹಳ ಕಾಡಿತು. ಅಂಗಡಿಯ ಹಳದಿ ಹೊಸ ಮದುಮಗಳ ಹಾಗಿತ್ತು. ನಮ್ಮದು ಬಿಸಿಲು ಕುಡಿದ ಹಳದಿ. ಕರಟದಲ್ಲಿ ಅದಕ್ಕೆ ಚಿಟಿಕೆ ಬೂದು, ಚಿಟಿಕೆ ಕಾವಿ ಬೆರೆಸಿ ಏಳು ಸಲ ಹಚ್ಚಿ ನೋಡಿದ ಮೇಲೆ ಒಂದು ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ ಅದು ನಮ್ಮ ಕಾರಾಗಿ ಕಂಡಿತು. ನಾನು ಬ್ರಷ್ಷು ಕೆಳಗಿಟ್ಟೆ.

ಆ ಮೇಲೆ ಒಳಗಿನ ಕೆಲಸ. ಹಿಂದಿನ ಸೀಟಿನಿಂದ ಶುರು ಮಾಡಿದೆ. ಅದು ನನಗೆ ನನ್ನ ಅಡುಗೆಮನೆಯಷ್ಟೇ ಗೊತ್ತು. ಎಡಗಡೆಯ ಕಿಟಕಿ ಪಕ್ಕ ನನ್ನ ಜಾಗ. ಸಹನಾಳ ಅಮ್ಮ ಸುಮಿತ್ರಳಿಗೆ ಚಿಕ್ಕಂದಿನಲ್ಲಿ ಕಾರು ಹತ್ತಿದರೆ ವಾಂತಿ. ಅವಳು ನನ್ನ ತೊಡೆಯ ಮೇಲೆ ಕಿಟಕಿಗೆ ಮುಖ ಮಾಡಿ, ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂರುತ್ತಿದ್ದಳು. ನಿಮ್ಮಮ್ಮ ನಡುವೆ. ಆ ಕಿಟಕಿಯ ಹಿಡಿ ಮುರಿದಿತ್ತು, ಗಾಜು ಇಳಿಸಲು ಒಂದು ಸ್ಪ್ಯಾನರು ಇಟ್ಟಿದ್ದರು. ಸೀಟಿನ ರೆಕ್ಸಿನ್ನು ಒಂದು ಕಡೆ ಹರಿದು, ನಿಮ್ಮ ತಾತ ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದಿದ್ದರು. ಆ ಹೊಲಿಗೆ ನನ್ನ ಸೀರೆಯನ್ನು ಯಾವಾಗಲೂ ಹಿಡಿದುಕೊಳ್ಳುತ್ತಿತ್ತು. ಮುಂದಿನ ಸೀಟಿನ ಬೆನ್ನಿಗೆ ಸಿಗರೇಟು ಬೂದಿಯ ಒಂದು ಡಬ್ಬಿ ಇತ್ತು. ನಿಮ್ಮಮ್ಮ ಅದರಲ್ಲಿ ತಿಂದ ಹುಣಸೆಹಣ್ಣಿನ ಬೀಜ ತುಂಬಿಡುತ್ತಿದ್ದಳು. ಇವೆಲ್ಲವನ್ನೂ ಮಾಡಿದೆ. ಸ್ಪ್ಯಾನರನ್ನು ಗುಂಡುಸೂಜಿಯಲ್ಲಿ, ಹುಣಸೆ ಬೀಜವನ್ನು ಗಸಗಸೆಯಲ್ಲಿ. ಬಾಗಿಲು ಮುಚ್ಚಿದ ಮೇಲೆ ಇದು ಯಾರಿಗೆ ಕಾಣುತ್ತದೆ ಎಂದು ಸಹನಾ ಕೇಳಿದಳು. ಬೇಲೂರಿನಲ್ಲಿ ಎತ್ತರದ ಕಂಬದ ತುದಿಯಲ್ಲಿ ನಿಂತ ಶಿಲಾಬಾಲಿಕೆಯರ ಕಾಲಂದುಗೆ ಯಾರಿಗೆ ಕಾಣುತ್ತದೆ? ಕೆತ್ತಿದವನು ಕೆತ್ತಿದ್ದಾನೆ. ಆ ಕಲ್ಲು ಬಳಪದ ಕಲ್ಲಂತೆ, ಅಗೆದು ತೆಗೆದಾಗ ಮೆತ್ತಗಿದ್ದು, ಗಾಳಿ ತಾಗುತ್ತ ತಾಗುತ್ತ ಗಟ್ಟಿಯಾಗುತ್ತದಂತೆ. ಆದ್ದರಿಂದಲೇ ಅಷ್ಟು ಸಣ್ಣ ಕೆಲಸ ಆಯಿತಂತೆ. ನನ್ನ ಪುಟ್ಟಿಯೂ ಹಾಗೆಯೇ. ಇದನ್ನೆಲ್ಲ ನನಗೆ ಹೇಳಿದವರು ನಿಮ್ಮ ತಾತ. ಗೈಡುಗಳು ಹೇಳುವುದನ್ನು ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ಸ್ಟಿಯರಿಂಗ್ ತಿರುಗಿಸುತ್ತ ಅವರು ಹೇಳುವುದು, ಹಿಂದೆ ಕೂತು ನಾನು ಕೇಳುವುದು. ನಾನು ಬೇಲೂರನ್ನು ಕಲಿತದ್ದು ಅವರ ಕತ್ತನ್ನು ನೋಡಿಕೊಂಡು.

ಹಿಂದಿನ ಸೀಟು ಮುಗಿಯಿತು. ಮುಂದಿನದಕ್ಕೆ ಬಂದೆ. ಸ್ಟಿಯರಿಂಗಿನ ಹಿಂದಿನ ಹಲಗೆ, ಅದನ್ನು ಡ್ಯಾಶ್‌ಬೋರ್ಡ್ ಎನ್ನುತ್ತಾರೆ, ಅದನ್ನು ಬೆರಳ ಮೇಲೆ ಇಟ್ಟುಕೊಂಡು, ಬ್ರಷ್ಷು ಅದ್ದಿ, ಹಾಗೆಯೇ ನಿಂತುಬಿಟ್ಟೆ. ನನಗೆ ಅದು ಗೊತ್ತಿರಲಿಲ್ಲ. ಅಲ್ಲಿ ಏನಿತ್ತು, ಯಾವ ದೇವರ ಪಟ ಇತ್ತು, ಗೇರಿನ ಗುಬಟು ಯಾವ ಬಣ್ಣದ್ದು, ಒಂದೂ ಗೊತ್ತಿರಲಿಲ್ಲ. ಕಾರು ಹಳ್ಳ ಇಳಿದು ಹತ್ತಿದಾಗ ಮುಂದೆ ಏನೋ ಟಿಣ್ ಟಿಣ್ ಎನ್ನುತ್ತಿತ್ತು. ಊದುಬತ್ತಿಯ ವಾಸನೆ ಬರುತ್ತಿತ್ತು. ಅಷ್ಟೇ. ಅಷ್ಟು ವರ್ಷ ಆ ಕಾರಿನಲ್ಲಿ ಓಡಾಡಿದವಳು ಒಂದು ದಿನವೂ ಮುಂದಿನ ಸೀಟಿನಲ್ಲಿ ಕೂತಿರಲಿಲ್ಲ.

ಇದರಲ್ಲಿ ಆಗ ಆಶ್ಚರ್ಯವೇನೂ ಇರಲಿಲ್ಲ. ಮುಂದೆ ನಿಮ್ಮ ತಾತನ ಅಪ್ಪ ಕೂರುತ್ತಿದ್ದರು, ಇಲ್ಲವೇ ಭಾವನವರು. ಹೆಂಗಸರು ಮಕ್ಕಳು ಬುತ್ತಿಯ ಗಂಟು ಹಿಂದೆ. ಹಳೇಬೀಡಿನಲ್ಲಿ ತೆಗೆಸಿದ ಒಂದೇ ಒಂದು ಫೋಟೋದಲ್ಲೂ ಕಾರಿನ ಹಿಂಭಾಗ ಚೆನ್ನಾಗಿ ಬಿದ್ದಿದೆ. ಮುಂಭಾಗಕ್ಕೆ ನನ್ನ ಮಾವನವರು ಛತ್ರಿ ಹಿಡಿದು ಅಡ್ಡ ನಿಂತಿದ್ದಾರೆ. ನಾವಿಬ್ಬರೇ ಹೋದಾಗಲೂ ನಾನು ಹಿಂದೆಯೇ. ಒಮ್ಮೆ ಹಳೇಬೀಡಿನ ಟ್ಯಾಕ್ಸಿ ನಿಲ್ದಾಣದಲ್ಲಿ ಇನ್ನೊಬ್ಬ ಡ್ರೈವರು ಕಾರಿನೊಳಗೆ ಬಗ್ಗಿ ನೋಡಿ, "ಏನ್ಲಾ, ಇವತ್ತು ಒಂದೇ ಗಿರಾಕಿನಾ?" ಎಂದ. ನಿಮ್ಮ ತಾತ ಬೀಡಿ ಹಚ್ಚುತ್ತ, "ಹೂಂ ಕಣ್ಲಾ, ಪರ್ಮನೆಂಟ್ ಗಿರಾಕಿ" ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮುಂದೆ ಬಾ ಎಂದು ಅವರು ಕರೆಯಲಿಲ್ಲವೆಂದಲ್ಲ. ಒಂದು ಸಲ ಕರೆದಿದ್ದರು. ಬಿಕ್ಕೋಡಿನಲ್ಲಿ ಒಂದು ಮದುವೆ ಮುಗಿಸಿ, ನಾವಿಬ್ಬರೇ ಬರುತ್ತಿದ್ದೆವು. ಬೇಲೂರು ಇನ್ನೂ ಬಂದಿರಲಿಲ್ಲ. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಹಿಂದಕ್ಕೆ ತಿರುಗದೆಯೇ, "ಮುಂದೆ ಬಂದು ಕೂತ್ಕೊ. ಗಾಳಿ ಚೆನ್ನಾಗಿ ಬತ್ತೈತೆ" ಎಂದರು. ಜನ ನೋಡುತ್ತಾರೆ ಎಂದೆ. ರಸ್ತೆಯಲ್ಲಿ ನಾಲ್ಕು ಎಮ್ಮೆಗಳಿದ್ದವು. ಅವರು ಎಮ್ಮೆಗಳು ದಾಟುವವರೆಗೂ ಕಾದರು. ನಾನು ಇಳಿಯಲಿಲ್ಲ. ಗೇರು ಹಾಕಿ ಹೊರಟರು. ಆ ಮೇಲೆ ಯಾವತ್ತೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಬಣ್ಣ ಒಣಗುತ್ತಿದ್ದ ಬ್ರಷ್ಷನ್ನು ಹಿಡಿದು ನಿಂತಾಗ ನನ್ನನ್ನು ಕಾಡಿದ್ದು ಡ್ಯಾಶ್‌ಬೋರ್ಡಲ್ಲ. ಒಬ್ಬ ಮನುಷ್ಯ ದಿನದಲ್ಲಿ ಹತ್ತು ಗಂಟೆ ನೋಡುತ್ತಿದ್ದ ಜಾಗವನ್ನು ಅವನ ಹೆಂಡತಿಯಾದ ನಾನು ಒಂದು ಸಲವೂ ನೋಡಲಿಲ್ಲವಲ್ಲ ಎಂಬುದು. ಅವರ ಕತ್ತಿನ ಮೇಲಿನ ಸುಳಿ, ಬಲಗಿವಿಯ ಹಿಂದಿನ ಮಚ್ಚೆ, ಸೀಟಿನ ಮೇಲೆ ಹಾಸಿದ ಟವೆಲ್ಲು ನನಗೆ ಗೊತ್ತು. ಕಾರು ಓಡಿಸುವಾಗ ಅವರ ಮುಖ ಹೇಗಿರುತ್ತಿತ್ತು ಎಂಬುದು ಗೊತ್ತಿಲ್ಲ. ಅರ್ಧ ಕಾರಿನ ಜೊತೆ ನಾನು ಅರ್ಧ ಮನುಷ್ಯನನ್ನೇ ಕಂಡೆನೇನೋ ಎಂದು ಅಂದು ಊಟವೂ ಸೇರಲಿಲ್ಲ.

ಸಹನಾ ಮೊಬೈಲಿನಲ್ಲಿ ಅಂಬಾಸಿಡರಿನ ಒಳಗಿನ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದಳು. ಒಂದರಲ್ಲಿ ಗಣಪತಿ, ಒಂದರಲ್ಲಿ ಪ್ಲಾಸ್ಟಿಕ್ ಹೂವು, ಒಂದರಲ್ಲಿ ಪುಟ್ಟ ಫ್ಯಾನು. ಯಾವುದಾದರೂ ಒಂದನ್ನು ನೋಡಿ ಮಾಡು ಎಂದಳು. ಅಷ್ಟು ಕಾರುಗಳಲ್ಲಿ ನಮ್ಮದು ಇರಲಿಲ್ಲ. ಬೇರೆಯವರ ಡ್ಯಾಶ್‌ಬೋರ್ಡನ್ನು ನಮ್ಮ ಕಾರಿಗೆ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಗೊತ್ತಿರುವವರು ಒಬ್ಬರೇ. ಹಾರನಹಳ್ಳಿಯಲ್ಲಿ ಮಗಳ ಮನೆಯಲ್ಲಿರುವ ಬುಡೇನ್ ಸಾಬರು. ಹೋಗಿ ಕೇಳಿದರಾಯಿತು ಎಂದು ಸಹನಾ ಸಲೀಸಾಗಿ ಹೇಳಿಬಿಟ್ಟಳು.

ಅವಳಿಗೆ ಏನು ಗೊತ್ತು. ಬುಡೇನ್ ಸಾಬರು ಮೂವತ್ತು ವರ್ಷ ನಮ್ಮ ಮನೆಗೆ ಬಂದಿದ್ದಾರೆ. ಬೀಗದ ಕೈ ಕೊಡಲು ದಿನ ಬಿಟ್ಟು ದಿನ ಬರುತ್ತಿದ್ದರು. ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು, "ಅಮ್ಮಾವ್ರೇ, ಗಾಡಿ ತಂದಿವ್ನಿ" ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕಾಫಿಯ ಲೋಟವನ್ನು ಮಗಳ ಕೈಯಲ್ಲಿ ಕಳಿಸುತ್ತಿದ್ದೆ. ಅವರ ಕೆಮ್ಮು ಗೊತ್ತು, ಚಪ್ಪಲಿ ಗೊತ್ತು. ಮುಖಾಮುಖಿ ಒಂದು ಮಾತಾಡಿದ್ದಿಲ್ಲ. ನಿಮ್ಮ ತಾತ ಹೋದ ದಿನವೂ ಅವರು ಅಂಗಳದಲ್ಲಿ ನಿಂತು ಅತ್ತರು, ನಾನು ಒಳಗೆ ಅತ್ತೆ.

ಎರಡು ವಾರ ಕಾರು ಮೇಜಿನ ಮೇಲೆ ಹಾಗೆಯೇ ನಿಂತಿತ್ತು, ಬಾಯಿಯೊಳಗೆ ಹಲ್ಲಿಲ್ಲದ ಹಾಗೆ. ಕಡೆಗೆ ಒಂದು ಭಾನುವಾರ ಅದನ್ನು ಹತ್ತಿ ತುಂಬಿದ ಚಪ್ಪಲಿಯ ಡಬ್ಬದಲ್ಲಿಟ್ಟುಕೊಂಡು, ಸಹನಾಳ ಜೊತೆ ಹಾರನಹಳ್ಳಿ ಬಸ್ಸು ಹತ್ತಿದೆ. ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಸಹನಾಳಿಗೆ ಕೊಟ್ಟು, ನೀನೇ ಕೇಳು ಎಂದಿದ್ದೆ. ಅವಳು ಹೂಂ ಎಂದಿದ್ದಳು. ಆ ಮನೆಯ ಜಗಲಿ ಮುಟ್ಟಿದ ಮೇಲೆ ಚೀಟಿಯನ್ನು ನನ್ನ ಕೈಗೇ ಇಟ್ಟು, "ಕಾರು ನಿಂದು, ಗಂಡ ನಿಂದು, ಪ್ರಶ್ನೆ ನಿಂದು. ನಾನು ಜೊತೆಗೆ ಕೂತಿರ್ತೀನಿ" ಎಂದಳು. ಈಗಿನ ಹುಡುಗಿಯರಿಗೆ ದಯೆ ಕಡಿಮೆ.

ಬುಡೇನ್ ಸಾಬರು ಕಂಬಕ್ಕೊರಗಿ ಕೂತಿದ್ದರು. ದಪ್ಪ ಕನ್ನಡಕ, ಬೆಳ್ಳನೆಯ ಗಡ್ಡ. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು, ಹಳೆಯ ಅಭ್ಯಾಸದಂತೆ ಗೋಡೆಯ ಕಡೆ ತಿರುಗಿ, "ಬನ್ನಿ ಅಮ್ಮಾವ್ರೇ" ಎಂದು ಗೋಡೆಗೆ ಹೇಳಿದರು. ನಾನು ಇನ್ನೊಂದು ಕಂಬವನ್ನು ನೋಡುತ್ತ, ಚೆನ್ನಾಗಿದ್ದೀರಾ ಎಂದು ಆ ಕಂಬವನ್ನು ಕೇಳಿದೆ. ಸಹನಾ ನಗು ತಡೆದುಕೊಂಡು ನಡುವೆ ಒಂದು ಸ್ಟೂಲು ಎಳೆದು, ಡಬ್ಬದಿಂದ ಕಾರು ತೆಗೆದಿಟ್ಟಳು. ಕಾರು ಬಂದ ಮೇಲೆ ನಮ್ಮಿಬ್ಬರ ಕಣ್ಣಿಗೂ ಕೂರಲು ಒಂದು ಜಾಗ ಸಿಕ್ಕಿತು.

 ಅವರು ಮೆಲ್ಲಗೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡು, "ಯಾ ಅಲ್ಲಾ, ನಮ್ ಗಾಡಿ" ಎಂದರು. ಯಾರು ಮಾಡಿದ್ದು ಎಂದು ಕೇಳಿ, ನಾನೆಂದು ಸಹನಾ ಹೇಳಿದಾಗ ಮೊದಲ ಬಾರಿಗೆ ನನ್ನ ಮುಖ ನೋಡಿದರು. ನಾನೂ ನೋಡಿದೆ. ಏನೂ ಆಗಲಿಲ್ಲ. ಇಷ್ಟಕ್ಕಾಗಿ ಮೂವತ್ತು ವರ್ಷ ಬಾಗಿಲ ಹಿಂದೆ ನಿಂತಿದ್ದೆನಲ್ಲ ಎಂದು ನನಗೇ ನಗು ಬಂತು. ಚೀಟಿ ಬೇಕಾಗಲಿಲ್ಲ. ಮುಂದಿನ ಸೀಟು ನನಗೆ ಗೊತ್ತಿಲ್ಲ, ಹೇಳಿಕೊಡಿ ಎಂದೆ.

ಅವರು ಹೇಳಿದರು. ಹಲಗೆಯ ಎಡಕ್ಕೆ ನಿಮ್ಮ ತಾತನ ಮಾಲೇಕಲ್ಲು ತಿರುಪತಿ ವೆಂಕಟರಮಣನ ಪಟ, ಬಲಕ್ಕೆ ಸಾಬರು ಅಂಟಿಸಿದ ಏಳುನೂರ ಎಂಬತ್ತಾರು ಎಂಬ ಹಸಿರು ಚೀಟಿ. ಊದುಬತ್ತಿ ಮಾತ್ರ ಇಬ್ಬರದೂ ಒಂದೇ. ಗೇರಿನ ಗುಬಟು ಒಡೆದ ಮೇಲೆ ಕರಟ ತೇದು ಹೊಸದು ಮಾಡಿದ್ದರು. ನಡುವೆ ಒಂದು ಆಡಿನ ಕೊರಳ ಗಂಟೆ ಕಟ್ಟಿದ್ದರು. ಟಿಣ್ ಟಿಣ್ ಎಂದದ್ದು ಅದು. ವೇಗ ತೋರಿಸುವ ಮುಳ್ಳು ಯಾವಾಗಲೋ ಕೆಟ್ಟಿತ್ತಂತೆ. "ನಿಂತಿದ್ರೂ ನಲವತ್ತು, ಓಡಿದ್ರೂ ನಲವತ್ತು ಕಣಮ್ಮ. ಯಾವ ಪೋಲೀಸ್ನೋರೂ ಏನೂ ಅನ್ನಂಗಿಲ್ಲ" ಎಂದು ಅವರು ನಕ್ಕರು. ನಾನು ಚೀಟಿಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡೆ. ಆ ಮೇಲೆ ಅವರು ಹಿಂದಿನ ಬಾಗಿಲೊಳಗೆ ಬಗ್ಗಿ, ಗಸಗಸೆಯ ಹುಣಸೆ ಬೀಜ ಕಂಡು, ಅಯ್ಯೋ ಇದನ್ನು ಹಾಕುತ್ತಿದ್ದವರು ನಿಮ್ಮ ಮಕ್ಕಳೋ, ನಾನು ಯಾರ್ಯಾರೋ ಗಿರಾಕಿಗಳನ್ನು ಬೈದೆ ಎಂದರು. ಸೀಟಿನ ಹೊಲಿಗೆ ಮಾತ್ರ ಅವರಿಗೆ ನೆನಪಾಗಲಿಲ್ಲ. ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಅವರು ಒಂದು ದಿನವೂ ಕೂತಿರಲಿಲ್ಲವಂತೆ. ಅರ್ಧ ಕಾರು ಕಂಡವಳು ನಾನೊಬ್ಬಳೇ ಅಲ್ಲ ಎಂದು ತಿಳಿದು ನನಗೆ ಸ್ವಲ್ಪ ಹಗುರವಾಯಿತು.

ಏಳುವ ಹೊತ್ತಿಗೆ ಅವರು ಮುಂದಿನ ಗಾಜಿನ ಮೇಲ್ತುದಿಯನ್ನು ಬೆರಳಿನಿಂದ ಮುಟ್ಟಿ, ಇಲ್ಲಿಯ ಕನ್ನಡಿ ಎಲ್ಲಿ ಎಂದು ಕೇಳಿದರು. ಅದನ್ನು ಕಡೆಯಲ್ಲಿ ಅಂಟಿಸಬೇಕು, ಮನೆಯಲ್ಲಿದೆ ಎಂದೆ.

"ಆ ಕನ್ನಡಿ ಕತೆ ಕೇಳಬ್ಯಾಡಿ" ಎಂದರು ಸಾಬರು. "ನಿಮ್ಮ ಯಜಮಾನ್ರಿಗೂ ನನಗೂ ಜಗಳ ಅಂತ ಆಗಿದ್ರೆ ಅದೊಂದಕ್ಕೇಯ. ಹಿಂದೆ ಬರೋ ಗಾಡಿ ನೋಡಕ್ಕೆ ಅಂತ ನಾನು ಸರಿ ಮಾಡಿ ಇಟ್ಟಿರ್ತಿದ್ದೆ. ಕೆಲವು ದಿನ ಬೆಳಗ್ಗೆ ಬಂದು ಕೂತ್ರೆ ರಸ್ತೇನೇ ಕಾಣ್ತಿರಲಿಲ್ಲ. ಕೆಳಕ್ಕೆ ಬಗ್ಸಿ, ಹಿಂದಿನ ಸೀಟಿನ ಎಡಗಡೆ ಮೂಲೆಗೆ ತಿರುಗಿಸಿರೋರು. ಅಲ್ಲಿ ಏನೈತೆ ಮಾರಾಯ, ಸೀಟೇನು ಓಡೋಗ್ತದಾ ಅಂತಿದ್ದೆ. ನಗೋರು, ಅಷ್ಟೇಯ."

ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ, ಅವರು ಕೇಳಿದರು: "ನೀವು ಎಡಗಡೆ ಕೂರ್ತಿದ್ರಾ ಅಮ್ಮಾವ್ರೇ?"

ಹೂಂ ಎಂದೆ.

"ಹಂಗಾದ್ರೆ ಸರಿ ಬಿಡಿ" ಎಂದರು. "ನಾನೇ ತಿಳೀದೆ ಬೈದೆ."

ಬಸ್ಸಿನಲ್ಲಿ ಬರುವಾಗ ಸಹನಾ ಏನೂ ಕೇಳಲಿಲ್ಲ. ಅವಳಿಗೆ ದಯೆ ಕಡಿಮೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಬೇಕಿತ್ತು. ಹಾಗೆಯೇ ಇರಲಿ, ಅವಳೂ ಓದುತ್ತಾಳೆ. ನಾನು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗಿನ ತೆಂಗಿನ ತೋಟಗಳನ್ನು ನೋಡುತ್ತ ಕೂತಿದ್ದೆ. ನಾನು ಐದಡಿ ಇದ್ದೇನೆ. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ ಅಂಗುಲ. ಕನ್ನಡಿಯಲ್ಲಿ ಇನ್ನೂ ಚಿಕ್ಕದಾಗಿ, ಒಂದು ಕುಂಕುಮದ ಬೊಟ್ಟಿನಷ್ಟು ಕಂಡಿದ್ದೇನೋ. ಅಷ್ಟನ್ನು ನೋಡಲು ಆ ಮನುಷ್ಯ ಹಿಂದಿನ ರಸ್ತೆಯನ್ನೇ ಬಿಟ್ಟುಕೊಟ್ಟಿದ್ದರು. ನಾನೋ, ಒಂದು ದಿನವೂ ತಲೆಯೆತ್ತಿ ಆ ಕನ್ನಡಿ ನೋಡಿದವಳಲ್ಲ, ಅವರು ನನ್ನ 'ಜನ ನೋಡುತ್ತಾರೆ'ಗೆ ಬೇಸರಪಟ್ಟುಕೊಂಡು ಸುಮ್ಮನಾದರೆಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಒಂದು ವಾರದಲ್ಲಿ ಮುಂದಿನ ಸೀಟು ಮುಗಿಯಿತು. ವೆಂಕಟರಮಣನೂ ಹಸಿರು ಚೀಟಿಯೂ ಅಕ್ಕಪಕ್ಕ ಕೂತರು. ಮುಳ್ಳನ್ನು ನಲವತ್ತಕ್ಕೆ ನಿಲ್ಲಿಸಿದೆ. ಕಡೆಗೆ ಕನ್ನಡಿ. ಅದು ಜೋಳದ ಕಾಳಿನ ಅರ್ಧದಷ್ಟಿದೆ. ಈ ಅಂಟು ಹಚ್ಚಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಮಾತ್ರ ಅತ್ತಿತ್ತ ತಿರುಗಿಸಬಹುದು, ಆ ಮೇಲೆ ಕದಲುವುದಿಲ್ಲ. ನಾನು ಚಿಮುಟದಲ್ಲಿ ಹಿಡಿದು ಇಟ್ಟೆ, ಕೆಳಕ್ಕೆ ಬಗ್ಗಿಸಿದೆ, ಎಡಕ್ಕೆ ತುಸು ತಿರುಗಿಸಿದೆ, ಉಸಿರು ಹಿಡಿದು ಹತ್ತು ಎಣಿಸಿದೆ. ಸಹನಾ ಚಿತ್ರದ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿ, ಕನ್ನಡಿ ತಪ್ಪಾಗಿದೆ ಎಂದಳು. ಹೀಗೇ ಇರಬೇಕು ಎಂದೆ.

"ಮತ್ತೆ ಹಿಂದೆ ಬರೋ ಗಾಡಿ ಹೇಗೆ ಕಾಣುತ್ತೆ ಅಜ್ಜಿ?"

"ಕಾಣಲ್ಲ" ಎಂದೆ. "ಅವಸರ ಇದ್ದೋರು ಹಾರನ್ ಮಾಡ್ತಾರೆ ಬಿಡು."